ಉಚಿತ ಸೇವೆಯ ಖಾತೆ: ಗೂಗಲ್ ವಿಸ್ತಾರ ಮತ್ತು ಅಭಿಪ್ರಾಯಭೇದ



2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಉಚಿತ ವೈ-ಫೈ ಸೌಲಭ್ಯ ಆರಂಭವಾಯಿತು. ರೈಲ್ವೆಯ ಅಂಗಸಂಸ್ಥೆಯಾದ ರೈಲ್‌ಟೆಲ್‌ನ ತಂತಿಜಾಲವನ್ನು ಬಳಸಿಕೊಂಡು ಗೂಗಲ್ ಕಂಪನಿಯು ಒದಗಿಸಿದ ಸೇವೆ ಅದು. 2018ರ ಜೂನ್ ವೇಳೆಗೆ ದೇಶದ 400 ನಿಲ್ದಾಣಗಳಿಗೆ ಅದು ಹಬ್ಬಿತು. ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬರು ಹೊರೆ ಹೊರುತ್ತಲೇ ಕಿವಿಯಲ್ಲಿ ಪಾಠ ಕೇಳಿ, ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಆ ವರ್ಷ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು.

ಈ ಸೇವೆಯ ಬಗ್ಗೆ ಆಗಲೇ ಎರಡು ಮಾತುಗಳಿದ್ದವು. ಸರ್ಕಾರ ಮಾಡಲಾಗದ ಉಪಕಾರವನ್ನು ಒಂದು ಖಾಸಗಿ ಕಂಪನಿ ಮಾಡಿತು ಎಂದು ಕೆಲವರು ಹೊಗಳಿದರು. ಬಡ ಪ್ರಯಾಣಿಕನನ್ನು ಜಾಲಕ್ಕೆ ತಂದು ತನ್ನ ಜಾಹೀರಾತಿನ ಗ್ರಾಹಕನನ್ನಾಗಿ ಮಾಡಿಕೊಳ್ಳುವ ಹಂಚಿಕೆ ಇದು ಎಂದು ಮತ್ತೆ ಕೆಲವರು ಶಂಕಿಸಿದರು. ಈ ವಾದ ಮುಗಿಯುವ ಮೊದಲೇ, 2020ರ ಫೆಬ್ರವರಿಯಲ್ಲಿ, ಭಾರತದಲ್ಲಿ ಮೊಬೈಲ್ ಡೇಟಾ ಅಗ್ಗವಾಗಿರುವುದರಿಂದ ಈ ಯೋಜನೆಯ ಅಗತ್ಯ ಉಳಿದಿಲ್ಲವೆಂದು ಕಂಪನಿ ಸಾರಿತು, ಕೈ ತೊಳೆದುಕೊಂಡಿತು. ಆದರೂ ನಿಲ್ದಾಣಗಳ ವೈ-ಫೈ ನಿಲ್ಲಲಿಲ್ಲ. ತಂತಿ ರೈಲ್‌ಟೆಲ್‌ನದಾಗಿದ್ದುದರಿಂದ ರೈಲ್‌ಟೆಲ್ ಅದನ್ನು ಮುಂದುವರಿಸಿತು.

ಈ ಚಿಕ್ಕ ಪ್ರಸಂಗದಲ್ಲಿ ಇಂದಿನ ವಿಷಯದ ತಿರುಳು ಅಡಗಿದೆ. ಗೂಗಲ್‌ನ ಸೇವೆಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆಯಲ್ಲಿ ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಸತ್ಯವನ್ನೇ ಹೇಳುತ್ತಾರೆ. ಆದರೆ ಲೆಕ್ಕ ನೋಡುವವರು ಕೇಳಬೇಕಾದ ಪ್ರಶ್ನೆ ಬೇರೆ: ಕರಾರಿನ ಷರತ್ತನ್ನು ಬದಲಿಸುವ ಹಕ್ಕು ಯಾರ ಕೈಯಲ್ಲಿದೆ, ಬದಲಾದ ದಿನ ಎದ್ದು ಹೋಗಲು ಇನ್ನೊಬ್ಬನಿಗೆ ದಾರಿ ಉಂಟೇ?

ವಿಸ್ತಾರದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. 1998ರ ಸೆಪ್ಟೆಂಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಹುಡುಕಾಟಕ್ಕೆಂದು ಈ ಕಂಪನಿಯನ್ನು ಕಟ್ಟಿದರು. 2004ರ ಏಪ್ರಿಲ್ 1ರಂದು ಜಿಮೇಲ್ ಪ್ರಕಟವಾಯಿತು. ಇತರರು ಎರಡು, ನಾಲ್ಕು ಮೆಗಾಬೈಟ್ ಜಾಗ ಕೊಡುತ್ತಿದ್ದ ಕಾಲದಲ್ಲಿ ಒಂದು ಗಿಗಾಬೈಟ್ ಉಚಿತವೆಂದಾಗ ಅದು ಏಪ್ರಿಲ್ ಮೂರ್ಖರ ದಿನದ ತಮಾಷೆಯೆಂದೇ ಹಲವರು ಭಾವಿಸಿದ್ದರು. ಪತ್ರದ ಒಕ್ಕಣೆಯನ್ನು ಯಂತ್ರ ಓದಿ ಅದಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ಇಡುತ್ತಿತ್ತು. ಅದಕ್ಕೆ ಆಕ್ಷೇಪ ಬಂದುದು ಆ ವರ್ಷವೇ. ಜಾಹೀರಾತಿಗಾಗಿ ಪತ್ರ ಓದುವುದನ್ನು ನಿಲ್ಲಿಸುವುದಾಗಿ ಕಂಪನಿ ಹೇಳಿದ್ದು 2017ರಲ್ಲಿ. 2005ರಲ್ಲಿ ನಕ್ಷೆಗಳು ಬಂದವು, ಆಂಡ್ರಾಯ್ಡ್ ಎಂಬ ಪುಟ್ಟ ಸಂಸ್ಥೆಯ ಖರೀದಿಯಾಯಿತು. 2006ರಲ್ಲಿ 165 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಯೂಟ್ಯೂಬ್ ಕೊಂಡದ್ದಾಯಿತು. 2008ರಲ್ಲಿ ಕ್ರೋಮ್ ಬ್ರೌಸರ್, ಮೊದಲ ಆಂಡ್ರಾಯ್ಡ್ ಫೋನ್, ಜೊತೆಗೆ 310 ಕೋಟಿ ಡಾಲರಿನ ಡಬಲ್‌ಕ್ಲಿಕ್ ಎಂಬ ಜಾಹೀರಾತು ಸಂಸ್ಥೆಯ ಸೇರ್ಪಡೆ.

ಇವೆಲ್ಲ ಬೇರೆ ಬೇರೆ ಅಂಗಡಿಗಳಾಗಿದ್ದವು. 2012ರ ಮಾರ್ಚ್ 1ರಂದು ಕಂಪನಿಯು 60ಕ್ಕೂ ಹೆಚ್ಚು ಗೋಪ್ಯತಾ ನೀತಿಗಳನ್ನು ಸೇರಿಸಿ ಒಂದೇ ನೀತಿ ಮಾಡಿತು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಗ್ರಾಹಕನ ಹೆಸರಿನಲ್ಲಿ ಹತ್ತಾರು ಅಂಗಡಿಗಳಲ್ಲಿದ್ದ ಬಿಡಿ ಖಾತೆಗಳು ಅಂದು ಒಂದೇ ಖಾತೆಪುಸ್ತಕಕ್ಕೆ ಬಂದವು. ಅವನು ಏನನ್ನು ಹುಡುಕಿದ, ಯಾವ ವಿಡಿಯೋ ನೋಡಿದ, ಯಾವ ಊರಿಗೆ ದಾರಿ ಕೇಳಿದ ಎಂಬುದನ್ನು ಒಟ್ಟಿಗೆ ನೋಡುವ ಅವಕಾಶ ಕಂಪನಿಗೆ ದೊರೆಯಿತು. ಈ ದಿನಕ್ಕೆ ಯಾವ ಉದ್ಘಾಟನಾ ಸಮಾರಂಭವೂ ಇರಲಿಲ್ಲ, ಆದ್ದರಿಂದ ಅದನ್ನು ನೆನಪಿಟ್ಟವರೂ ಕಡಿಮೆ.

ಮಾತೃಸಂಸ್ಥೆಯಾದ ಆಲ್ಫಬೆಟ್‌ನ 2024ರ ಒಟ್ಟು ವರಮಾನ ಸುಮಾರು 35,000 ಕೋಟಿ ಡಾಲರ್. ಅದರಲ್ಲಿ 26,400 ಕೋಟಿ ಡಾಲರಿಗೂ ಹೆಚ್ಚು ಬಂದುದು ಜಾಹೀರಾತಿನಿಂದ. ಅಂದರೆ ನಾಲ್ಕರಲ್ಲಿ ಮೂರು ಪಾಲು. ಉಚಿತವೆಂಬ ಮಾತಿನ ಎದುರು ಪುಟದಲ್ಲಿ ಬರೆಯಬೇಕಾದ ಜಮೆ ಇದು.

ಹೊಗಳುವವರ ಪಕ್ಷವನ್ನು ಹಗುರವಾಗಿ ಕಾಣಬಾರದು. ಹೊರನಾಡಿನ ಕನ್ನಡ ಮನೆಗಳಿಗೆ ಈ ಕಂಪನಿಯಿಂದಾದ ಉಪಕಾರ ನಿಜವಾದುದು. ಗಣಕಯಂತ್ರದಲ್ಲಿ ಕನ್ನಡ ಮೂಡಿಸುವ ಕೆಲಸವನ್ನು ಬರಹ, ನುಡಿ ತಂತ್ರಾಂಶಗಳು ಮೊದಲೇ ಮಾಡಿದ್ದವು, ಆ ಋಣ ದೊಡ್ಡದು. ಆದರೆ ಅಂಗೈಯ ಫೋನಿನಲ್ಲಿ ಕೀಲಿಮಣೆಯ ಅಭ್ಯಾಸವೇ ಇಲ್ಲದ ವೃದ್ಧೆಯೊಬ್ಬರು ಬಾಯಿಯಲ್ಲಿ ಹೇಳಿದ್ದು ಕನ್ನಡ ಅಕ್ಷರವಾಗುವಂತಾದದ್ದು 2017ರ ಆಗಸ್ಟ್‌ನಲ್ಲಿ, ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿದಾಗ. ಅದಕ್ಕೂ ಮುನ್ನ 2011ರ ಜೂನ್‌ನಲ್ಲಿ ಅನುವಾದ ಸೇವೆಗೆ ಕನ್ನಡ ಬಂದಿತ್ತು. ಪುಣೆಯಲ್ಲಿ ಬೆಳೆದ ಮೊಮ್ಮಗನಿಗೆ ಕನ್ನಡ ಓದಲು ಬಾರದು, ಚಿಕ್ಕೋಡಿಯ ಅಜ್ಜಿಗೆ ಇಂಗ್ಲಿಷ್ ಬಾರದು; ಇಬ್ಬರ ನಡುವೆ ಪತ್ರವ್ಯವಹಾರ ಸಾಧ್ಯವಾಗಿದ್ದರೆ ಅದರಲ್ಲಿ ಈ ಸೇವೆಗಳ ಪಾಲು ಇದೆ. ಅನುವಾದ ಕೆಲವೊಮ್ಮೆ ನಗೆ ತರಿಸುತ್ತದೆ, ಅದು ಬೇರೆ ಮಾತು.

ಅದೇ ಕಂಪನಿಯ ಹುಡುಕುಯಂತ್ರ 2021ರ ಜೂನ್ ಆರಂಭದಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಕನ್ನಡವೆಂದು ಉತ್ತರ ಕೊಟ್ಟಿತು. ಯಾವುದೋ ಅಪ್ರಸಿದ್ಧ ಪುಟದ ಸಾಲನ್ನು ಯಂತ್ರ ಎತ್ತಿ, ಚೌಕಟ್ಟು ಹಾಕಿ, ಉತ್ತರವೆಂದು ಮುಂದಿಟ್ಟಿತ್ತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಅವರು ಕಾನೂನು ನೋಟಿಸಿನ ಎಚ್ಚರಿಕೆ ಕೊಟ್ಟರು. ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಭಾಷಾಭಿಮಾನಿಗಳ ಸಿಟ್ಟು ನ್ಯಾಯವಾದುದೇ. ಆದರೆ ಅಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕೋಟ್ಯಂತರ ಜನರ ಭಾಷೆಯಾದ್ದರಿಂದ, ಸಚಿವರೊಬ್ಬರು ಮಾತನಾಡಿದ್ದರಿಂದ ತಪ್ಪು ಕೂಡಲೇ ತಿದ್ದಿತು. ಒಬ್ಬ ಕಿರಾಣಿ ವರ್ತಕನ ಅಂಗಡಿಯನ್ನು ನಕ್ಷೆಯಲ್ಲಿ ಶಾಶ್ವತವಾಗಿ ಮುಚ್ಚಿದೆ ಎಂದು ತೋರಿಸಿದರೆ ಅವನು ಯಾವ ಸಚಿವರ ಬಳಿಗೆ ಹೋಗಬೇಕು?

ಅದೇ 2021ರ ಜೂನ್ 1ರಂದು ಇನ್ನೊಂದು ಬದಲಾವಣೆಯಾಯಿತು. ಅದುವರೆಗೆ ಎಷ್ಟು ಬೇಕಾದರೂ ಛಾಯಾಚಿತ್ರಗಳನ್ನು ಉಚಿತವಾಗಿ ಇಡಬಹುದಾಗಿದ್ದ ಗೂಗಲ್ ಫೋಟೋಸ್, ಅಂದಿನಿಂದ ಹೊಸ ಚಿತ್ರಗಳನ್ನು 15 ಗಿಗಾಬೈಟ್ ಮಿತಿಯೊಳಗೆ ಎಣಿಸತೊಡಗಿತು. ಮಿತಿ ಮೀರಿದರೆ ಶುಲ್ಕ. ಶುಲ್ಕ ಕೇಳುವುದು ತಪ್ಪಲ್ಲ, ಶೇಖರಣೆಗೆ ಖರ್ಚು ಉಂಟು, ಕಂಪನಿ ತಿಂಗಳುಗಳ ಮುಂಚೆಯೇ ತಿಳಿಸಿತ್ತು ಕೂಡ. ಆದರೆ ಆ ವೇಳೆಗೆ ಮಗುವಿನ ನಾಮಕರಣದಿಂದ ಹಿಡಿದು ಅಜ್ಜನ ಕೊನೆಯ ಭಾವಚಿತ್ರದವರೆಗೆ ಎಲ್ಲವೂ ಅಲ್ಲಿಯೇ ಸೇರಿದ್ದವು. ಮೊದಲು ಗೋದಾಮು ಉಚಿತ, ಸರಕು ತುಂಬಿದ ಮೇಲೆ ಬಾಡಿಗೆ: ಮಾರುಕಟ್ಟೆಯಲ್ಲಿ ಮೂರು ತಲೆಮಾರು ಕಳೆದ ಕುಟುಂಬಗಳಿಗೆ ಈ ಕ್ರಮ ಹೊಸದೇನಲ್ಲ.

ಷರತ್ತಿನ ಹಕ್ಕು ಏನೆಂಬುದು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ಚೆನ್ನೈನ ಒಂದು ಸಂಸ್ಥೆಯ ವಿಷಯದಲ್ಲಿ. ಭಾರತ್ ಮ್ಯಾಟ್ರಿಮೊನಿ ನಡೆಸುವ ಆ ಸಂಸ್ಥೆಯ ಸೇವೆ, ಊರು ಬಿಟ್ಟು ಊರಿಗೆ ಬಂದ ಸಮುದಾಯಗಳ ಮನೆಗಳಿಗೆ ಸುಪರಿಚಿತ. ತನ್ನ ಹೆಸರನ್ನೇ ಹುಡುಕಿದರೂ ಪ್ರತಿಸ್ಪರ್ಧಿಗಳ ಜಾಹೀರಾತು ಬರುತ್ತದೆ, ಫಲಿತಾಂಶಗಳಲ್ಲಿ ಪಕ್ಷಪಾತವಿದೆ ಎಂದು ಅದು 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಗ್ರಾಹಕ ಸಂಘಟನೆಯಾದ ಕಟ್ಸ್ ಕೂಡ ದೂರು ಸಲ್ಲಿಸಿತು. ಆರು ವರ್ಷಗಳ ನಂತರ, 2018ರ ಫೆಬ್ರವರಿ 8ರಂದು ಆಯೋಗ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ ಟಿಕೆಟಿನ ಹುಡುಕಾಟದಲ್ಲಿ ತನ್ನ ಸೇವೆಯನ್ನೇ ಮುಂದೆ ಮಾಡಿದ್ದು ಮುಂತಾದ ಕೆಲವು ಅಂಶಗಳಲ್ಲಿ ತಪ್ಪು ಕಂಡಿತು. ಆದರೆ ಜಾಹೀರಾತಿನ ಹರಾಜಿನ ಬಗೆಗಿನ ಆರೋಪವನ್ನು ಒಪ್ಪಲಿಲ್ಲ. ಆ ತೀರ್ಪು ಕೂಡ ಒಮ್ಮತದ್ದಲ್ಲ: ನಾಲ್ವರು ಸದಸ್ಯರು ಒಂದು ಕಡೆ, ಇಬ್ಬರು ಭಿನ್ನಮತದಲ್ಲಿ. ಪೂರ್ತಿ ದಾಖಲೆ ಮುಂದಿಟ್ಟುಕೊಂಡು ಕುಳಿತವರಲ್ಲಿಯೇ ಒಮ್ಮತ ಬಾರದಿದ್ದಾಗ ಮನೆಯ ಹಜಾರದಲ್ಲಿ ತಂದೆ ಮಕ್ಕಳು ವಾದಿಸುವುದರಲ್ಲಿ ಆಶ್ಚರ್ಯವಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಷ್ಟರಲ್ಲಿ ಜನ ಗಣಕಯಂತ್ರದಿಂದ ಫೋನಿಗೆ ಬಂದಿದ್ದರು. ಫೋನಿನ ಆ್ಯಪ್‌ಗಳು ಸಿಗುವುದು ಪ್ಲೇ ಸ್ಟೋರ್ ಎಂಬ ಸಂತೆಯಲ್ಲಿ; ಸಂತೆಯ ಸುಂಕ ನಿಗದಿ ಮಾಡುವವರು ಗೂಗಲ್. ಆ್ಯಪ್‌ನೊಳಗೆ ಚಂದಾ ಮಾರಿದರೆ ಕಂಪನಿಯ ಪಾವತಿ ವ್ಯವಸ್ಥೆಯನ್ನೇ ಬಳಸಬೇಕು, ಅದಕ್ಕೆ ಶೇ. 15ರಿಂದ 30ರವರೆಗೆ ಶುಲ್ಕ ಕೊಡಬೇಕು ಎಂಬ ನಿಯಮಕ್ಕೆ 2022ರ ಅಕ್ಟೋಬರ್ 25ರಂದು ಸ್ಪರ್ಧಾ ಆಯೋಗ 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಬೇರೆ ಪಾವತಿ ವ್ಯವಸ್ಥೆಗೆ ಅವಕಾಶ ಕೊಟ್ಟ ಕಂಪನಿ, ಶುಲ್ಕವನ್ನು ಮಾತ್ರ ಶೇ. 11ರಿಂದ 26ಕ್ಕೆ ಇಳಿಸಿ ಉಳಿಸಿಕೊಂಡಿತು. ಭಾರತೀಯ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ರಕ್ಷಣೆ ಕೊಡಲಿಲ್ಲ. ಮಾರ್ಚ್ 1ರಂದು ಭಾರತ್ ಮ್ಯಾಟ್ರಿಮೊನಿಯೂ ಸೇರಿದಂತೆ ಹಲವು ಭಾರತೀಯ ಆ್ಯಪ್‌ಗಳು ಪ್ಲೇ ಸ್ಟೋರಿನಿಂದ ಮಾಯವಾದವು.

ಕಂಪನಿಯ ವಾದವನ್ನೂ ಹೇಳಬೇಕು. ಎರಡು ಲಕ್ಷಕ್ಕೂ ಮಿಕ್ಕ ಭಾರತೀಯ ಅಭಿವೃದ್ಧಿಕಾರರು ನಿಯಮ ಪಾಲಿಸುತ್ತಿದ್ದಾರೆ, ಚೆನ್ನಾಗಿ ಬೆಳೆದ ಹತ್ತು ಕಂಪನಿಗಳು ಮಾತ್ರ ಶುಲ್ಕ ಕೊಡದೆ ಸಂತೆಯ ಲಾಭ ಪಡೆಯುತ್ತಿವೆ ಎಂಬುದು ಅದರ ನಿಲುವು. ಸಂತೆ ಕಟ್ಟಿದವನು ಸುಂಕ ಕೇಳುವುದು ಸಹಜವಲ್ಲವೇ ಎಂದು ಅನೇಕರು ಅದನ್ನು ಸಮರ್ಥಿಸಿದರು. ಸಹಜವೇ, ಪಕ್ಕದಲ್ಲಿ ಇನ್ನೊಂದು ಸಂತೆ ಇದ್ದರೆ. ದೇಶದ ಸ್ಮಾರ್ಟ್‌ಫೋನ್‌ಗಳಲ್ಲಿ ಶೇ. 95ರಷ್ಟು ಆಂಡ್ರಾಯ್ಡ್ ಆಗಿರುವಲ್ಲಿ ಆ ಪಕ್ಕದ ಸಂತೆ ಹೆಸರಿಗೆ ಮಾತ್ರ. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅವರು ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ಇಲ್ಲಿಯೂ ಸಚಿವರೇ ಬರಬೇಕಾಯಿತು. 936.44 ಕೋಟಿಯ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು.

ಬಳಕೆದಾರನಿಗೆ ಬೇಡವಾದರೆ ಬದಲಿಸಿಕೊಳ್ಳಬಹುದು, ಎರಡು ಒತ್ತಿನ ಕೆಲಸ ಎಂಬುದು ಕಂಪನಿಯ ಪರವಾಗಿ ಯಾವಾಗಲೂ ಕೇಳುವ ಮಾತು. ಇದಕ್ಕೆ ಉತ್ತರ ಅಮೆರಿಕದ ನ್ಯಾಯಾಲಯದಲ್ಲಿ ಅಂಕಿಗಳ ರೂಪದಲ್ಲಿಯೇ ಹೊರಬಂದಿತು. ಫೋನು ಮತ್ತು ಬ್ರೌಸರುಗಳಲ್ಲಿ ತನ್ನ ಹುಡುಕುಯಂತ್ರವನ್ನೇ ಮೊದಲ ಆಯ್ಕೆಯಾಗಿ ಇಡಿಸಿಕೊಳ್ಳಲು ಗೂಗಲ್ 2021ರಲ್ಲಿ ಇತರರಿಗೆ ಕೊಟ್ಟ ಹಣ 2,630 ಕೋಟಿ ಡಾಲರ್. 2022ರಲ್ಲಿ ಆ್ಯಪಲ್ ಒಂದಕ್ಕೇ 2,000 ಕೋಟಿ ಡಾಲರ್. ಎರಡೇ ಒತ್ತಿನಲ್ಲಿ ಬದಲಾಗುವ ವಸ್ತುವಿಗೆ ಯಾವ ವಿವೇಕಿ ವರ್ತಕನೂ ಇಷ್ಟು ಪಗಡಿ ಕೊಡುವುದಿಲ್ಲ. ಮುಂಬೈನ ಮುಖ್ಯರಸ್ತೆಯ ಅಂಗಡಿಗೆ ಪಗಡಿ ಕೊಡುವುದು ಏಕೆಂದು ಅರಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ದಾರಿಹೋಕ ಮೊದಲು ಕಂಡ ಅಂಗಡಿಗೇ ನುಗ್ಗುತ್ತಾನೆ. ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್ 5ರಂದು ಕೊಟ್ಟ ತೀರ್ಪಿನಲ್ಲಿ ಗೂಗಲ್‌ನ ಹುಡುಕುಯಂತ್ರ ಗುಣಮಟ್ಟದಲ್ಲಿ ಮೇಲೆಂದೇ ಒಪ್ಪಿದರು. ಆದರೂ ಅದು ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆ ಎಂದರು. ಒಳ್ಳೆಯ ಸರಕು ಮತ್ತು ಅನ್ಯಾಯದ ಕರಾರು ಒಂದೇ ಅಂಗಡಿಯಲ್ಲಿರಬಹುದು ಎಂಬುದನ್ನು ಇಷ್ಟು ನೇರವಾಗಿ ಒಪ್ಪಿದ ತೀರ್ಪುಗಳು ವಿರಳ. 2025ರ ಸೆಪ್ಟೆಂಬರಿನಲ್ಲಿ ಅವರೇ ಕ್ರೋಮನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ತಳ್ಳಿಹಾಕಿ, ಇತರರನ್ನು ಹೊರಗಿಡುವ ಕರಾರುಗಳನ್ನು ನಿಷೇಧಿಸಿದರು. ಅದನ್ನು ಕೆಲವರು ಸಾಲದೆಂದರು, ಕೆಲವರು ಸಮತೂಕವೆಂದರು.

ಭಾರತದಲ್ಲಿ ಇದೇ ಪ್ರಶ್ನೆಯ ಮೇಲೆ, 2022ರ ಅಕ್ಟೋಬರ್ 20ರಂದು, ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಪ್ಲೇ ಸ್ಟೋರ್ ಬೇಕಿದ್ದರೆ ಗೂಗಲ್‌ನ ಆ್ಯಪ್‌ಗಳ ಗೊಂಚಲನ್ನೇ ಫೋನಿನಲ್ಲಿ ಮೊದಲೇ ಇಡಬೇಕೆಂಬ ತಯಾರಕರ ಮೇಲಿನ ಷರತ್ತು ಅಲ್ಲಿನ ಮುಖ್ಯ ಆಕ್ಷೇಪ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ನೀಡದಿದ್ದಾಗ, ತಯಾರಕರು ಬಿಡಿ ಆ್ಯಪ್‌ಗಳಿಗೆ ಪರವಾನಗಿ ಪಡೆಯಬಹುದು, ಗ್ರಾಹಕ ಹೊಸ ಫೋನಿನಲ್ಲಿ ಹುಡುಕುಯಂತ್ರವನ್ನು ಆರಿಸಿಕೊಳ್ಳಬಹುದು ಎಂದು ಕಂಪನಿ ಪ್ರಕಟಿಸಿತು. ಆ ವರ್ಷದ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ನಾಲ್ಕು ನಿರ್ದೇಶನಗಳನ್ನು ರದ್ದುಗೊಳಿಸಿತು. ಮೊದಲೇ ಇಟ್ಟ ಆ್ಯಪ್‌ಗಳನ್ನು ಕಿತ್ತುಹಾಕಲು ಬಳಕೆದಾರನಿಗೆ ಅಡ್ಡಿ ಮಾಡಬಾರದೆಂಬುದು ಅವುಗಳಲ್ಲೊಂದು. ಹಣ ಕೊಟ್ಟು ಕೊಂಡ ಫೋನಿನಿಂದ ಬೇಡದ್ದನ್ನು ತೆಗೆಯುವ ಅಧಿಕಾರವೂ ಹೀಗೆ ವಾದವಿವಾದದ ವಸ್ತುವಾಯಿತು.

ವರ್ತಕರಿಗೆ ನೆನಪಿರುವ ತೆರಿಗೆಯ ಮಾತೊಂದು. ವಿದೇಶಿ ಕಂಪನಿಗೆ ಆನ್‌ಲೈನ್ ಜಾಹೀರಾತಿಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪಾವತಿಸಿದರೆ ಶೇ. 6 ಸಮೀಕರಣ ಲೆವಿ ಕಡಿಯಬೇಕೆಂಬ ನಿಯಮ 2016ರ ಜೂನ್‌ನಲ್ಲಿ ಬಂತು. ಗೂಗಲ್ ತೆರಿಗೆ ಎಂದೇ ಜನ ಅದನ್ನು ಕರೆದರು. ದೊಡ್ಡವರಿಂದ ವಸೂಲಾಗಲೆಂದು ಬಂದ ತೆರಿಗೆಯಲ್ಲಿ ಕಡಿಯುವ, ಕಟ್ಟುವ, ವಿವರ ಸಲ್ಲಿಸುವ ಹೊಣೆ ಚಿಕ್ಕವರದಾಗಿತ್ತು. 2025ರ ಏಪ್ರಿಲ್ 1ರಿಂದ ಅದು ರದ್ದಾಗಿದೆ.

ಇದಕ್ಕೆಲ್ಲ ಪ್ರತಿಯಾಗಿ ನೋಡಬೇಕಾದದ್ದು ಯುಪಿಐ. 2017ರ ಸೆಪ್ಟೆಂಬರಿನಲ್ಲಿ ತೇಜ್ ಎಂಬ ಹೆಸರಿನಲ್ಲಿ ಬಂದ ಗೂಗಲ್‌ನ ಪಾವತಿ ಸೇವೆ ಮರುವರ್ಷ ಗೂಗಲ್ ಪೇ ಆಯಿತು. ತರಕಾರಿ ಗಾಡಿಯ ತನಕ ಅದು ಹಬ್ಬಿದೆ. ಅದರ ಪಾಲು ಅತಿಯಾಯಿತೆಂಬ ಆತಂಕವೂ ಉಂಟು: ಯಾವ ಆ್ಯಪ್ ಕೂಡ ಒಟ್ಟು ವಹಿವಾಟಿನ ಶೇ. 30 ಮೀರಬಾರದೆಂದು ರಾಷ್ಟ್ರೀಯ ಪಾವತಿ ನಿಗಮ 2020ರಲ್ಲಿಯೇ ಹೇಳಿ, ಗಡುವನ್ನು ಮುಂದೂಡುತ್ತ 2026ರ ಕೊನೆಗೆ ತಂದಿದೆ. ಆದರೂ ಇಲ್ಲಿ ಭಯ ಕಡಿಮೆ. ಹಳಿ ನಿಗಮದ್ದು, ಹಣ ಬ್ಯಾಂಕಿನದು, ಕಂಪನಿಯದು ಗಾಡಿ ಮಾತ್ರ. ನಾಳೆ ಗೂಗಲ್ ಪೇ ಷರತ್ತು ಬದಲಿಸಿದರೆ ಅದೇ ಫೋನಿನಲ್ಲಿ, ಅದೇ ಬ್ಯಾಂಕ್ ಖಾತೆಯಿಂದ, ಇನ್ನೊಂದು ಆ್ಯಪ್ ಮೂಲಕ ಹಾಲಿನವನಿಗೆ ಹಣ ಹೋಗುತ್ತದೆ. ಮುಂಬೈ ಸೆಂಟ್ರಲ್‌ನ ವೈ-ಫೈ ಉಳಿದದ್ದೂ ಇದೇ ಕಾರಣದಿಂದ. ಸರ್ಕಾರಗಳು ದಂಡ ಹಾಕುವುದಕ್ಕಿಂತ ಹಳಿ ಹಾಕುವುದರಲ್ಲಿ ಹೆಚ್ಚು ಯಶಸ್ವಿಯಾಗಿವೆ ಎಂದರೆ ತಪ್ಪಾಗದು.

ಅಂಥ ಹಳಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಯ ಅನುಭವ ತೋರಿಸಿತು. 2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ವಿವರವಾಗಿ ಪ್ರಕಟಿಸಿತ್ತು. ಕೊರೊನಾ ಕಾಲದಲ್ಲಿ ಅವರ ಪುಟ್ಟ ಮಗನಿಗೆ ಸೋಂಕು ತಗುಲಿತು. ದೂರದಿಂದಲೇ ನೋಡಬೇಕಾಗಿದ್ದ ವೈದ್ಯರಿಗಾಗಿ ಮಗುವಿನ ಬಾವು ಬಂದ ಅಂಗದ ಚಿತ್ರವನ್ನು ಆಂಡ್ರಾಯ್ಡ್ ಫೋನಿನಲ್ಲಿ ತೆಗೆಯಲಾಯಿತು. ಚಿತ್ರ ತಾನಾಗಿ ಗೂಗಲ್ ಫೋಟೋಸ್ ಸೇರಿತು. ಮಕ್ಕಳ ಮೇಲಿನ ದೌರ್ಜನ್ಯವನ್ನು ಪತ್ತೆಹಚ್ಚುವ ಯಂತ್ರ ಅದನ್ನು ಅಪರಾಧವೆಂದು ಗುರುತಿಸಿತು. ಎರಡು ದಿನಗಳಲ್ಲಿ ಖಾತೆ ಬಂದ್. ಮೇಲ್, ಸಂಪರ್ಕಗಳು, ಮಗನ ಹುಟ್ಟಿನಿಂದ ತೆಗೆದ ಚಿತ್ರಗಳು, ಗೂಗಲ್‌ನದೇ ದೂರವಾಣಿ ಸೇವೆಯಾಗಿದ್ದುದರಿಂದ ಫೋನ್ ಸಂಖ್ಯೆ ಕೂಡ ಹೋಯಿತು. ಪೊಲೀಸರು ತನಿಖೆ ನಡೆಸಿ, ಅಪರಾಧವಿಲ್ಲವೆಂದು ಪ್ರಕರಣ ಮುಗಿಸಿದರು. ಖಾತೆಯನ್ನು ಕಂಪನಿ ಮರಳಿ ಕೊಡಲಿಲ್ಲ. ಮಕ್ಕಳ ರಕ್ಷಣೆಗೆ ಆ ಯಂತ್ರ ಬೇಕೆನ್ನುವವರ ಮಾತನ್ನು ತಳ್ಳಿಹಾಕಲಾಗದು. ಆದರೆ ಪೊಲೀಸರು ನಿರ್ದೋಷಿ ಎಂದ ಮೇಲೂ ಕೇಳುವವರಿಲ್ಲದ ತೀರ್ಪು ಅದು.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯಿದೆಯೂ ಬಂದಿದೆ. ಕಾನೂನು ತನ್ನ ವೇಗದಲ್ಲಿ ಬರಲಿ. ಮನೆಯ ಹಿರಿಯರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಆದಾಯ ತೆರಿಗೆಯ ನೋಟಿಸು, ಡಿಮ್ಯಾಟ್ ವಿವರ, ಬ್ಯಾಂಕಿನ ಪಾಸ್‌ವರ್ಡು, ಮದುವೆಯ ಚಿತ್ರ ಇವಿಷ್ಟೂ ಒಂದೇ ಖಾತೆಯ ಬೀಗದೊಳಗೆ ಇರಬೇಕಾದ ಅಗತ್ಯವಿಲ್ಲ. ವ್ಯಾಪಾರದ ಪತ್ರವ್ಯವಹಾರಕ್ಕೆ ಸ್ವಂತ ಹೆಸರಿನ ಮೇಲ್ ವಿಳಾಸ ಪಡೆಯಲು ತಗಲುವ ವಾರ್ಷಿಕ ಖರ್ಚು ದೀಪಾವಳಿಯ ಮಿಠಾಯಿಗಿಂತ ಹೆಚ್ಚಲ್ಲ. ಖಾತೆಯಲ್ಲಿರುವುದೆಲ್ಲವನ್ನೂ ಇಳಿಸಿಕೊಳ್ಳಲು ಟೇಕ್‌ಔಟ್ ಎಂಬ ಸೌಲಭ್ಯವನ್ನು ಗೂಗಲ್ 2011ರಿಂದಲೂ ಕೊಟ್ಟಿದೆ, ಅದಕ್ಕಾಗಿ ಕಂಪನಿಯನ್ನು ಮೆಚ್ಚಬೇಕು. ವರ್ಷಾಂತ್ಯದ ಲೆಕ್ಕ ಮುಗಿಸುವ ಮಾರ್ಚ್ 31ರಂದೇ ಅದನ್ನೂ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿ ಇಡಬಹುದು.

ಕೊನೆಯದಾಗಿ, ಮನೆಯ ಯಜಮಾನರು ತೀರಿಕೊಂಡಾಗ ಬರುವ ತೊಡಕು. ತೆರಿಗೆ ಇಲಾಖೆಯ ಒಟಿಪಿ ಅವರ ಮೇಲ್‌ಗೆ ಹೋಗುತ್ತದೆ, ಅದರ ಗುಪ್ತಪದ ಯಾರಿಗೂ ಗೊತ್ತಿರುವುದಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ನೀತಿ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಇದಕ್ಕೆ ಪರಿಹಾರವಾಗಿ ನಿಷ್ಕ್ರಿಯ ಖಾತೆಯ ನಿರ್ವಾಹಕ ಎಂಬ ಏರ್ಪಾಡು 2013ರಿಂದ ಇದೆ. ಖಾತೆ 3, 6, 12 ಅಥವಾ 18 ತಿಂಗಳು ನಿಶ್ಚಲವಾಗಿದ್ದರೆ ಯಾರಿಗೆ ಸುದ್ದಿ ಹೋಗಬೇಕು, ಯಾರಿಗೆ ಯಾವ ಭಾಗ ಸಿಗಬೇಕು ಎಂದು ಮೊದಲೇ ಬರೆದಿಡಬಹುದು. ಹತ್ತು ಜನರ ಹೆಸರಿಗೆ ಅಲ್ಲಿ ಜಾಗವಿದೆ. ವಿಮೆಗೂ ಬ್ಯಾಂಕ್ ಠೇವಣಿಗೂ ನಾಮಿನಿಯನ್ನು ತಪ್ಪದೆ ಬರೆಸುವ ಹಿರಿಯರು ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟವನ್ನೂ ತುಂಬಿಸಬಹುದು. ಹತ್ತು ನಿಮಿಷ ಸಾಕು.